ತೊಟ್ಟಿ ಮೀನಿಗೆ ನಾಟಕದ ಬೆಳಕು

"ಬೆಳಕಿನ ವಿಷಯದಲ್ಲಿ ನನಗೆ ಸರಿಸಾಟಿ ಅಂದ್ರೆ ಸೂರ್ಯ ಒಬ್ಬನೇ. ಅವನೂ ಸಂಜೆಯಾದ್ರೆ ಸುಸ್ತಾಗಿ ಹೋಗಿಬಿಡ್ತಾನೆ. ನಾನು ಹೋಗಲ್ಲ!"

ಲೈಟಣ್ಣನವರು ಹೀಗೆ ಘೋಷಿಸಿದ್ದು ಸಾವಿರ ಜನರ ಸಭೆಯಲ್ಲಲ್ಲ. ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಖಾಲಿ ಲೋಟ ಹಿಡಿದುಕೊಂಡು. ಕೇಳುವವರಿದ್ದದ್ದು ಅವರ ಹೆಂಡತಿ ಒಬ್ಬರೇ. ಅವರೂ ಒಲೆಯ ಕಡೆ ಮುಖ ಮಾಡಿದ್ದರು.

ಈ ಜಂಬಕ್ಕೆ ಆಧಾರವಿಲ್ಲದೆ ಇರಲಿಲ್ಲ. ಲೈಟಣ್ಣನವರು ಆಯುಷ್ಯವೆಲ್ಲ ನಾಟಕಮಂದಿರದ ಹಿಂಭಾಗದ ಗೂಡಿನಲ್ಲಿ ಕೂತು ರಂಗದ ಮೇಲೆ ಬೆಳಕು ಬಿಟ್ಟು ನಿವೃತ್ತರಾದವರು. ಅವರು ಬೆಳಗು ತಂದರೆ ಮುಂದಿನ ಸಾಲಿನವರು ಆಕಳಿಸಿ ಮೈಮುರಿಯುತ್ತಿದ್ದರಂತೆ. ಬೆಳದಿಂಗಳು ತಂದರೆ ಹಿಂದಿನ ಸಾಲಿನವರಿಗೆ ನೆಗಡಿ ಹಿಡಿಯುತ್ತಿತ್ತಂತೆ. ಒಮ್ಮೆ ಮರುಭೂಮಿಯ ಬಿಸಿಲು ತಂದಾಗ ಪ್ರೇಕ್ಷಕರೊಬ್ಬರು ಕೊಡೆ ಬಿಚ್ಚಿದರೆಂದು ಅವರೇ ಹೇಳುತ್ತಾರೆ. ಹೇಳಿದ ಹಾಗೆಲ್ಲ ಮರುಭೂಮಿ ಇನ್ನಷ್ಟು ಕಾಯುತ್ತದೆ, ಕೊಡೆಗಳೂ ಹೆಚ್ಚುತ್ತವೆ. ಹೋದ ಸಲ ಹೇಳುವಾಗ ಒಂದಿಡೀ ಸಾಲು ಕೊಡೆ ಹಿಡಿದಿತ್ತು.

ಆದರೂ ಎದೆಯಲ್ಲೊಂದು ಮುಳ್ಳು ಉಳಿದಿತ್ತು. ಪರದೆ ಬಿದ್ದಾಗ ಚಪ್ಪಾಳೆಯೆಲ್ಲ ನಟರಿಗೆ. ಗೂಡಿನ ಕಡೆ ತಿರುಗಿ ನೋಡಿದವರು ಯಾರೂ ಇಲ್ಲ. ಆ ಮುಳ್ಳು ಎಲ್ಲಿದೆಯೆಂದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಬೇಕಾದಾಗ ಒತ್ತುತ್ತಿದ್ದರು.

"ಆಯ್ತು ಸೂರ್ಯದೇವರೇ, ಇಷ್ಟು ವರ್ಷ ಬೆಳಕು ಬಿಟ್ರಲ್ಲ, ನಿಮ್ಮ ಬೆಳಕು ನೋಡಿ ಒಬ್ಬರಾದ್ರೂ ಕೂತಲ್ಲಿಂದ ಎದ್ದು ಚಪ್ಪಾಳೆ ತಟ್ಟಿದ್ದುಂಟಾ?"

ಲೈಟಣ್ಣನವರು ಖಾಲಿ ಲೋಟದಿಂದ ಒಂದು ಗುಟುಕು ಕುಡಿದರು.

ಹೆಂಡತಿಯನ್ನು ಬೀದಿಯವರೆಲ್ಲ ಮೀನಮ್ಮ ಎಂದೇ ಕರೆಯುತ್ತಿದ್ದರು. ಗಂಡ ನಿವೃತ್ತಿಯಾಗಿ ಮನೆಯಲ್ಲಿ ಕೂತ ಮರುವಾರವೇ ಅವರು ಮೀನು ಸಾಕಲು ಶುರುಮಾಡಿದ್ದರು. "ದಿನವಿಡೀ ನಿಮ್ಮ ಮುಖ ನೋಡೋ ಬದಲು ಮೀನಿನ ಮುಖ ನೋಡ್ತೀನಿ. ಅವೂ ಬಾಯಿ ತೆರೀತಾವೆ, ಆದ್ರೆ ಮಾತು ಬರಲ್ಲ" ಎಂಬುದು ಅವರು ಕೊಟ್ಟ ಕಾರಣ. ಮನೆಯ ಹಿಂದೆ ಒಂದು ಕಾರ್ ಶೆಡ್ ಇತ್ತು. ಕಾರು ಇರಲಿಲ್ಲ, ಮುಂದೆಯೂ ಬರುವ ಲಕ್ಷಣವಿರಲಿಲ್ಲ. ಅಲ್ಲಿ ದಪ್ಪ ನೀಲಿ ಹಾಳೆಯ ಮೂರು ದುಂಡು ತೊಟ್ಟಿಗಳು ಬಂದವು. ತೊಟ್ಟಿಯ ಮೇಲೆ ಬಲೆ, ಮೂಲೆಯಲ್ಲಿ ಗುಳುಗುಳು ಎನ್ನುವ ಗಾಳಿಯ ಪಂಪು, ಮೇಲೆ ಒಂದೇ ಒಂದು ಸಣ್ಣ ಬಲ್ಬು. ಬೆಳಿಗ್ಗೆ ಮೀನಮ್ಮ ಮೊದಲು ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು, ಕೊನೆಗೆ ದೀಪ. ಸಂಜೆ ಇದೇ ಕೆಲಸ ಹಿಂದುಮುಂದಾಗಿ. "ಇವಳೊಬ್ಬಳು! ಒಂದು ಸ್ವಿಚ್ ಒತ್ತೋಕೆ ಒಂದು ಅಂಕದ ನಾಟಕ ಆಡ್ತಾಳೆ" ಎಂದು ಲೈಟಣ್ಣನವರು ನಗುತ್ತಿದ್ದರು.

ಹೀಗಿರುವಾಗ ಮಗಳ ಹೆರಿಗೆ ಹತ್ತಿರ ಬಂತು. ಮೀನಮ್ಮ ಅಲ್ಲಿಗೆ ಹೊರಟು ನಿಂತರು. ಹೊಸಿಲು ದಾಟುವವರು ಮತ್ತೆ ಒಳಗೆ ಬಂದರು.

"ರೀ, ಇಲ್ಲಿ ಕೇಳಿ. ನಾನು ವಾಪಸ್ ಬರೋ ದಿನವೇ ದೊಡ್ಡ ಹೋಟೆಲಿನ ಯಜಮಾನರು ಮೀನು ನೋಡೋಕೆ ಬರ್ತಾರೆ. ಅವರಿಗೆ ಒಪ್ಪಿಗೆಯಾದ್ರೆ ನನ್ನ ಮೀನೆಲ್ಲ ಇನ್ಮೇಲೆ ಅಲ್ಲಿಗೇ. ಬೀದಿ ಬೀದಿ ಅಲೆದು ಒಂದೊಂದೇ ಮಾರೋದು ತಪ್ಪುತ್ತೆ. ಇದಕ್ಕೆ ಎಷ್ಟು ದಿನದಿಂದ ಕಾದಿದೀನಿ ಅಂತ ನಿಮಗೆ ಗೊತ್ತು."

"ಗೊತ್ತು."

"ಅಳತೆ ಮೀರಿ ತಿನ್ನಿಸಬೇಡಿ. ಬಲೆ ತೆಗೀಬೇಡಿ. ದೀಪದ ತಂಟೆಗಂತೂ ಹೋಗಲೇಬೇಡಿ."

"ದೀಪದ ತಂಟೆಗೆ? ನಾನು? ಏನೇ, ಬೆಳಕಿನ ಬಗ್ಗೆ ನನಗೇ ಪಾಠ ಹೇಳ್ತೀಯಾ?"

"ಅದಕ್ಕೇ ಹೇಳ್ತಿರೋದು" ಎಂದು ಮೀನಮ್ಮ ಹೊರಟರು.

ಮೊದಲ ಎರಡು ದಿನ ಲೈಟಣ್ಣನವರು ಹೇಳಿದ ಮಾತು ಮೀರದ ಆದರ್ಶ ಪತಿಯಾಗಿದ್ದರು. ಮೂರನೆಯ ದಿನ ಮೀನಿನ ಆಹಾರ ತರಲು ಅಂಗಡಿಗೆ ಹೋದರು. ಅಲ್ಲಿಂದಲೇ ಗ್ರಹಚಾರ ಬೆನ್ನು ಹತ್ತಿತು.

"ನಿಮ್ಮ ಮೀನಿಗೆ ಬೆಳಕು ಎಷ್ಟು ಹೊತ್ತು ಇರುತ್ತೆ, ಯಜಮಾನ್ರೇ?" ಎಂದು ಅಂಗಡಿಯವನು ಪೊಟ್ಟಣ ಕಟ್ಟುತ್ತ ಕೇಳಿದ. "ಹಗಲು ಉದ್ದವಾದಷ್ಟೂ ಮೀನು ಜಾಸ್ತಿ ಮೇಯುತ್ತೆ, ಬೇಗ ಬೆಳೆಯುತ್ತೆ. ಆದ್ರೆ..."

ಅಂಗಡಿಯವನು ‘ಆದ್ರೆ’ ಎಂದು ತಲೆಯೆತ್ತಿ ನೋಡುವಷ್ಟರಲ್ಲಿ ಲೈಟಣ್ಣನವರು ಪೊಟ್ಟಣ ಕಸಿದುಕೊಂಡು ಮೆಟ್ಟಿಲಿಳಿದು ರಸ್ತೆ ದಾಟಿಯಾಗಿತ್ತು. ಅವರ ಸ್ವಭಾವವೇ ಹಾಗೆ. ಯಾರ ಮಾತಾದರೂ ಅರ್ಧ ಕೇಳುತ್ತಾರೆ. ಇನ್ನರ್ಧವನ್ನು ತಾವೇ ಇನ್ನೂ ಚೆನ್ನಾಗಿ ಹೇಳಬಲ್ಲೆವೆಂಬ ನಂಬಿಕೆ.

ಬೆಳಕು ಕೊಟ್ಟರೆ ಮೀನು ಬೆಳೆಯುತ್ತದೆ! ಇದನ್ನು ಕೇಳಿದ ಮೇಲೂ ಶೆಡ್ಡಿನ ಆ ಮಿಣುಕು ಬಲ್ಬನ್ನು ನೋಡಿಕೊಂಡು ಸುಮ್ಮನಿರಲು ಅವರೇನು ಕಲ್ಲೇ? ಅಟ್ಟದ ಮೇಲಿದ್ದ ಹಳೆಯ ಟ್ರಂಕು ಕೆಳಗಿಳಿಯಿತು. ಧೂಳು ಹೊಡೆದಾಗ ಒಳಗಿಂದ ದೊಡ್ಡ ದೊಡ್ಡ ನಾಟಕದ ದೀಪಗಳು ಕಣ್ಣುಜ್ಜಿಕೊಂಡು ಎದ್ದವು. ಬಣ್ಣದ ಹಾಳೆಗಳು ಬಂದವು. ಮಡಿಸಿಟ್ಟ ಕಪ್ಪು ಪರದೆ ಬಂತು. ಬಾರದೆ ಉಳಿದದ್ದು ಒಂದೇ: ಬೆಳಕನ್ನು ಹದವಾಗಿ ಏರಿಸಿ ಇಳಿಸುವ ಹಿಡಿಗಳಿದ್ದ ಮರದ ಪೆಟ್ಟಿಗೆ, ಅವರ ಪ್ರಾಣದಂಥ ಡಿಮ್ಮರ್. ಅದು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಗಳನ್ನು ಹೊತ್ತು ನಿಂತಿತ್ತು. ಮೀನಮ್ಮನ ಡಬ್ಬಗಳನ್ನು ಕದಲಿಸುವುದಕ್ಕಿಂತ ಬೆಟ್ಟ ಕದಲಿಸುವುದು ಸುಲಭ.

"ಇರಲಿ ಬಿಡು. ಏರಿಸಿ ಇಳಿಸೋಕೆ ಇದೇನು ಪ್ರಣಯ ದೃಶ್ಯವೇ? ಪೂರ್ತಿ ಬೆಳಕೇ ಬೇಕಲ್ಲ!" ಎಂದುಕೊಂಡು ಲೈಟಣ್ಣನವರು ದೀಪಗಳನ್ನೆಲ್ಲ ನೇರವಾಗಿ ಸ್ವಿಚ್ಚಿಗೇ ಸಿಕ್ಕಿಸಿದರು.

ದೀಪ ಹತ್ತಿದಾಗ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ಬಲೆಯ ನೆರಳು ಮೀನುಗಳ ಮುಖದ ಮೇಲೆ ಜಾಲರಿ ಜಾಲರಿಯಾಗಿ ಬೀಳುತ್ತಿತ್ತು. ನಟನ ಮುಖದ ಮೇಲೆ ಬೇಡದ ನೆರಳು! ಲೈಟಣ್ಣನವರ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಮೂರೂ ತೊಟ್ಟಿಗಳ ಬಲೆ ಕಳಚಿ ಗೋಡೆಗೆ ನೇತುಹಾಕಿದರು.

ಅಂದಿನಿಂದ ಶೆಡ್ಡಿನಲ್ಲಿ ಕತ್ತಲೆಯೆಂಬುದೇ ಇಲ್ಲವಾಯಿತು.

ಫಲವೋ, ಕಣ್ಣಿಗೆ ಕಟ್ಟುವಂತಿತ್ತು! ಮೀನುಗಳು ಹೊತ್ತುಗೊತ್ತಿಲ್ಲದೆ ತಿಂದವು. ಒಂದೇ ವಾರದಲ್ಲಿ ಮೈದುಂಬಿ ಬೆಳೆದವು. ಲೈಟಣ್ಣನವರ ಎದೆ ಅದಕ್ಕಿಂತ ಬೇಗ ಬೆಳೆಯಿತು. ಪಕ್ಕದ ಮನೆಯ ಟೈಲರ್ ಅವರ ಹಳೆಯ ಗೆಳೆಯ. ಅವನನ್ನು ಕೈಹಿಡಿದು ಎಳೆತಂದರು.

"ನೋಡೋ, ಇದು ಕಥಾನಾಯಕ. ಗತ್ತು ನೋಡು! ಅದು ನಾಯಕಿ. ಮೂಲೇಲಿ ಮೀಸೆ ತಿರುವ್ತಿದಾನಲ್ಲ, ಅವನು ಖಳನಾಯಕ. ಇನ್ನು ಹದಿನೈದು ದಿನ ಕಳೀಲಿ, ಇವನ್ನ ಹೊರಗೆ ತೆಗೆಯೋಕೆ ಶೆಡ್ಡಿನ ಗೋಡೆ ಒಡೆಸಬೇಕಾಗುತ್ತೆ!"

"ಮೀನಿನ ಕಥೆ ಹಾಗಿರಲಿ ಮಾರಾಯ" ಎಂದ ಟೈಲರ್, ಕಣ್ಣಿಗೆ ಕೈ ಅಡ್ಡ ಹಿಡಿದು. "ನಿನ್ನ ಶೆಡ್ಡಿನ ಸಂದಿಯಿಂದ ಬರೋ ಬೆಳಕಲ್ಲಿ ನಮ್ಮ ಮನೇಲಿ ಸೂರ್ಯ ಮುಳುಗೋದೇ ನಿಂತುಹೋಗಿದೆ. ನಮ್ಮವಳು ಊಟ ಆದ್ಮೇಲೆ ಬಟ್ಟೆ ಒಣಗಿ ಹಾಕ್ತಾಳೆ. ನನ್ನ ಹತ್ರ ‘ಇನ್ನೂ ಬೆಳಕಿದೆಯಲ್ಲ, ಇನ್ನೊಂದು ಅಂಗಿ ಹೊಲಿ’ ಅಂತಾಳೆ."

"ಹೊಲಿ ಮತ್ತೆ! ಬಿಟ್ಟಿ ಬೆಳಕು."

ಮೀನಮ್ಮ ಫೋನ್ ಮಾಡಿದಾಗ ಲೈಟಣ್ಣನವರ ಉತ್ತರ ಒಂದೇ. "ಮೀನುಗಳಾ? ಮಿಂಚ್ತಾ ಇದಾವೆ ಕಣೇ!" ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟು ಬೆಳಕಿನಲ್ಲಿ ಇಟ್ಟಿಗೆಯೂ ಮಿಂಚುತ್ತಿತ್ತು.

ಎರಡನೆಯ ವಾರ ಕಥೆಗೆ ತಿರುವು ಬಂತು. ತೊಟ್ಟಿಯ ನೀರು ಮೊದಲು ತಿಳಿಹಸಿರಾಯಿತು. ಆಮೇಲೆ ಕಡುಹಸಿರಾಯಿತು. ಕೊನೆಗೆ ಪಾಚಿಯ ಗಂಜಿಯಾಯಿತು. ಕಥಾನಾಯಕ ಊಟ ಬಿಟ್ಟ. ನಾಯಕಿ ಗಾಳಿಯ ಪಂಪಿನ ಕೊಳವೆಯ ಹಿಂದಿದ್ದ ಅಂಗೈಯಗಲದ ನೆರಳಲ್ಲಿ ತಲೆಮರೆಸಿಕೊಂಡಳು. ಆ ನೆರಳಿಗಾಗಿ ಮೀನುಗಳ ನಡುವೆ ಕೈಕೈ ಮಿಲಾಯಿಸುವುದೊಂದೇ ಬಾಕಿ. ಕೈ ಇಲ್ಲದ್ದರಿಂದ ಬಾಯಿ ಹಾಕಿದವು. ಒಂದರ ರೆಕ್ಕೆಯನ್ನು ಇನ್ನೊಂದು ಕಚ್ಚಿತು. ಬಾಲಗಳು ಹರಿದ ಬಾವುಟಗಳಂತಾದವು. ಲೈಟಣ್ಣನವರು ಬಣ್ಣದ ಹಾಳೆ ಬದಲಿಸಿ ನೋಡಿದರು. ಕೆಂಪು ಹಾಕಿದರೆ ಕದನ ಕುರುಕ್ಷೇತ್ರವಾಯಿತು, ಹಸಿರು ಹಾಕಿದರೆ ನೀರೂ ಮೀನೂ ಗೋಡೆಯೂ ಒಂದೇ ಬಣ್ಣವಾಗಿ ತೊಟ್ಟಿ ಎಲ್ಲಿದೆಯೆಂದೇ ತಿಳಿಯದಾಯಿತು.

ಕೊನೆಗೆ ಮರ್ಯಾದೆ ಬಿಟ್ಟು ಫೋನ್ ಎತ್ತಿಕೊಂಡರು.

"ಏನಿಲ್ಲ ಕಣೇ, ಟೈಲರ್ ಕೇಳ್ತಿದ್ದ. ಮೀನಿಗೆ ಬೆಳಕು ಜಾಸ್ತಿ ಆದ್ರೆ ಏನಾಗುತ್ತೆ ಅಂತ."

"ಟೈಲರ್‌ಗೆ ಯಾಕಂತೆ ಮೀನಿನ ಚಿಂತೆ?"

"ಸುಮ್ನೆ. ತಿಳುವಳಿಕೆಗೆ."

"ಟೈಲರ್‌ಗೆ ಹೇಳಿ" ಎಂದರು ಮೀನಮ್ಮ, ಒಂದೊಂದೇ ಮಾತು ಅಳೆದು. "ಹಗಲು ಸ್ವಲ್ಪ ಉದ್ದ ಆದ್ರೆ ಚೆನ್ನಾಗಿ ಮೇಯ್ತಾವೆ, ನಿಜ. ಆದ್ರೆ ಕತ್ತಲೂ ಬೇಕು. ನಿದ್ದೆಗೆಟ್ಟ ಮೀನಿಗೆ ತಿಂದದ್ದು ಮೈಗೆ ಹತ್ತಲ್ಲ. ಪಕ್ಕದ್ದರ ರೆಕ್ಕೆ ಕಚ್ಚುತ್ತೆ, ಸೊರಗುತ್ತೆ, ಸುಲಭವಾಗಿ ಕಾಯಿಲೆ ಬೀಳುತ್ತೆ. ಹೇಳಿ ಟೈಲರ್‌ಗೆ, ಮೊದಲು ದೀಪ ಆರಿಸು ಅಂತ. ಇನ್ನೊಂದು ಮಾತು ರೀ, ಮತ್ತೆ ದೀಪ ಹಾಕೋವಾಗ..."

"ದೀಪ ಹಾಕೋದು ನನಗೆ ಗೊತ್ತಿಲ್ವಾ? ಇಡ್ತೀನಿ!" ಲೈಟಣ್ಣನವರು ಫೋನ್ ಇಟ್ಟೇಬಿಟ್ಟರು. ಮತ್ತೆ ಅರ್ಧ ಮಾತು!

ಕತ್ತಲು ಬೇಕೇ? ಕತ್ತಲು ತರುವುದರಲ್ಲೂ ಅವರನ್ನು ಮೀರಿಸಿದವರಿಲ್ಲ. ನೀರು ಬದಲಾಯಿಸಿದರು. ಬಕೆಟ್ ಹೊತ್ತು ಹೊತ್ತು ಸೊಂಟ ಪ್ರಶ್ನಾರ್ಥಕ ಚಿಹ್ನೆಯಾಯಿತು. ದೀಪಗಳನ್ನೆಲ್ಲ ಆರಿಸಿ, ನಾಟಕದ ಕಪ್ಪು ಪರದೆಯನ್ನು ಕಿಟಕಿ ಬಾಗಿಲು ಸಂದಿಗೊಂದಿಗಳಿಗೆಲ್ಲ ಹೊದಿಸಿದರು. ಶೆಡ್ಡಿನೊಳಗೆ ಎಂಥ ಕತ್ತಲೆಯೆಂದರೆ, ಬೆಂಕಿಕಡ್ಡಿ ಗೀರಿದರೂ ಅದು ಹತ್ತಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು! ಆ ಕತ್ತಲಲ್ಲಿ ಮೀನುಗಳು ಸದ್ದಿಲ್ಲದೆ ಮಲಗಿದವು. ಕಾದಾಟ ನಿಂತಿತು. ಮೀನಮ್ಮ ಬರುವ ದಿನದವರೆಗೂ ಪರದೆ ಸರಿಯಲಿಲ್ಲ.

ಆ ದಿನ ಮೀನಮ್ಮ ಮಗಳ ಹೆರಿಗೆ ಸುಸೂತ್ರವಾಗಿ ಮುಗಿಸಿ ಬಂದು ಕೈಚೀಲ ಕೆಳಗಿಡುತ್ತಿದ್ದಾರೆ, ಹೋಟೆಲಿನ ಯಜಮಾನರೂ ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೈತುಂಬ ಅತ್ತರಿನ ವಾಸನೆ. ತಮಾಷೆ ತಪ್ಪಿಹೋದೀತೆಂದು ಟೈಲರ್ ಹಿಂದೆಯೇ ಬಂದ. ಮೀನಮ್ಮನಿಗೆ ಕಾಲು ತೊಳೆಯಲೂ ಪುರುಸೊತ್ತಿಲ್ಲ. ಎಲ್ಲರೂ ಶೆಡ್ಡಿಗೆ ಹೊಕ್ಕರು. ಲೈಟಣ್ಣನವರು ಎಲ್ಲರ ಹಿಂದೆ ಪರದೆಯನ್ನು ಮತ್ತೆ ಎಳೆದರು.

"ಇದೇನ್ರೀ, ಇಷ್ಟು ಕತ್ತಲು?" ಮೀನಮ್ಮನ ದನಿಯಲ್ಲಿ ಅನುಮಾನ.

"ಕತ್ತಲೂ ಬೇಕು ಅಂದೆಯಲ್ಲ."

"ಅಮ್ಮಾ, ಕತ್ತಲಲ್ಲಿ ನಾನೇನು ನೋಡಲಿ?" ಎಂದರು ಹೋಟೆಲಿನವರು. "ಮೀನು ಇದಾವೋ ಇಲ್ವೋ?"

ಮೀನು ಇದೆಯೋ ಇಲ್ಲವೋ! ಲೈಟಣ್ಣನವರ ರಕ್ತ ಕುದಿಯಿತು. ಮಂದಿರ ತುಂಬಿದೆ, ಪರದೆ ಏಳಬೇಕು, ಗೂಡಿನಲ್ಲಿ ತಾವು ಕೂತಿದ್ದಾರೆ ಎನ್ನಿಸಿತು.

"ಕಾಣಬೇಕಾ? ತಡೀರಿ ಸ್ವಾಮೀ. ಈಗ ನೋಡಿ!"

"ರೀ, ಬೇಡ..." ಎಂದು ಮೀನಮ್ಮ ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಸ್ವಿಚ್ಚುಗಳೂ ಒಟ್ಟಿಗೆ ಕೆಳಗಿಳಿದವು.

ಧಗ್ಗೆಂದು ಬೆಳಕು!

ದಿನಗಟ್ಟಲೆ ಕತ್ತಲಲ್ಲಿದ್ದ ಮೀನುಗಳು ಎದೆಯೊಡೆದುಕೊಂಡಂತೆ ಬೆಚ್ಚಿದವು. ಬೆಚ್ಚಿದ ಮೀನು ಹಾರುತ್ತದೆ. ಮೇಲೆ ಬಲೆಯಿದ್ದರೆ ಬಲೆಗೆ ತಗುಲಿ ಮರಳಿ ನೀರಿಗೆ ಬೀಳುತ್ತದೆ. ಬಲೆ ಗೋಡೆಯ ಮೇಲಿತ್ತು. ಮೊದಲ ತೊಟ್ಟಿಯ ಮೀನುಗಳು ಕಾರಂಜಿಯಂತೆ ಎದ್ದವು. ಕಥಾನಾಯಕ ಹೋಟೆಲಿನವರ ಎಡಗೆನ್ನೆಗೆ ಬಾಲದಿಂದ ಫಟ್ಟೆಂದು ಬಾರಿಸಿ ಅವರ ಅಂಗಿಯ ಜೇಬಿಗೆ ತಲೆ ಹಾಕಿದ. ಖಳನಾಯಕ ಟೈಲರ್‌ನ ಬೋಳುತಲೆಯ ಮೇಲೆ ಜಾರಿ ಅಂಗಿಯ ಕತ್ತಿನೊಳಗಿಳಿದ.

"ಆರಿಸೋ, ಆರಿಸೋ ಮಾರಾಯ!" ಎಂದು ಟೈಲರ್ ಕುಣಿದ.

ಲೈಟಣ್ಣನವರು ಗಾಬರಿಯಲ್ಲಿ ಎಲ್ಲವನ್ನೂ ಆರಿಸಿದರು. ಒಮ್ಮೆಲೇ ಕತ್ತಲು ಬಿದ್ದದ್ದೇ ತಡ, ಎರಡನೆಯ ತೊಟ್ಟಿ ಹಾರಿತು.

"ಕಣ್ಣು ಕಾಣ್ತಿಲ್ಲ, ದೀಪ ಹಾಕ್ರೀ!" ಎಂದು ಹೋಟೆಲಿನವರು ಕೂಗಿದರು.

ಹಾಕಿದರು. ಮೂರನೆಯ ತೊಟ್ಟಿಯೂ ತನ್ನ ಪಾಲಿನ ಗೌರವ ಸಲ್ಲಿಸಿತು. ನೆಲದ ತುಂಬ ಪಟಪಟ, ಪಟಪಟ, ಪಟಪಟ!

ಬೆದರಿದ ಲೈಟಣ್ಣನವರು ಮತ್ತೆ ಆರಿಸಿದರು.

"ಇನ್ನು ಯಾರಾದ್ರೂ ಸ್ವಿಚ್ ಮುಟ್ಟಿದ್ರೆ ಕೈ ಮುರಿದು ತೊಟ್ಟಿಗೆ ಹಾಕ್ತೀನಿ!" ಕತ್ತಲಲ್ಲಿ ಮೀನಮ್ಮನ ಗುಡುಗು. "ಬಾಗಿಲೂ ತೆರೀಬೇಡಿ. ಎಲ್ಲರೂ ಮಂಡಿಯೂರಿ. ಕೈಗೆ ಸಿಕ್ಕಿದ್ದನ್ನ ನೀರಿಗೆ ಹಾಕಿ!"

ದೊಡ್ಡ ಹೋಟೆಲಿನ ಯಜಮಾನರೂ ಮಂಡಿಯೂರಿದರು. ತಡವಿ ತಡವಿ ಕೈಗೆ ಸಿಕ್ಕಿದ್ದೊಂದನ್ನು ನೀರಿಗೆ ಹಾಕಿದರು. ಅದು ಟೈಲರ್‌ನ ಚಪ್ಪಲಿಯೆಂದು ಆಮೇಲೆ ತಿಳಿಯಿತು.

ಮೀನಮ್ಮ ಪರದೆಯಡಿ ನುಸುಳಿ ಅಡುಗೆಮನೆಗೆ ಓಡಿದರು. ಡಬ್ಬಗಳು ಉರುಳಿದ ಸದ್ದು ಕೇಳಿಸಿತು. ಬೆಟ್ಟ ಕದಲಿತ್ತು! ಮೈಯೆಲ್ಲ ಹಿಟ್ಟು ಮಾಡಿಕೊಂಡು ಮರದ ಪೆಟ್ಟಿಗೆ ಹೊತ್ತು ಬಂದು ಗಂಡನ ಮುಂದೆ ಕುಕ್ಕಿದರು.

"ರಂಗದ ಮೇಲೆ ಬೆಳಗು ತರೋವಾಗ ಹೀಗೇ ಧಡಾರ್ ಅಂತ ತರ್ತಿದ್ರಾ?"

"ಛೇ ಛೇ! ಕಣ್ಣಿಗೆ ಗೊತ್ತೇ ಆಗ್ಬಾರದು. ನವಿರಾಗಿ... ಅಯ್ಯೋ!" ಎಂದು ಲೈಟಣ್ಣನವರು ಹಣೆ ಚಚ್ಚಿಕೊಂಡರು.

"ಅದನ್ನೇ ಫೋನಲ್ಲಿ ಹೇಳ್ತಿದ್ದೆ. ನೀವು ಇಟ್ಬಿಟ್ರಿ. ಪರದೆ ಗೇಣು ಸರಿಸಿ, ಆಮೇಲೆ ಬಾಗಿಲು ತೆಗೆದು, ಕೊನೇಗೆ ದೀಪ ಹಾಕ್ತಿದ್ದೆನಲ್ಲ, ಅದು ಇದಕ್ಕೇ. ಯಾರಿಂದ ಕಲಿತದ್ದು ಅಂದ್ಕೊಂಡ್ರಿ? ಮದುವೆಯಾದ ಹೊಸದರಲ್ಲಿ ನಿಮ್ಮ ಗೂಡಲ್ಲಿ ಪಕ್ಕ ಕೂತು ನೋಡಿದ್ದು. ಈಗ ತನ್ನಿ ಆ ಬೆಳಗು!"

ಲೈಟಣ್ಣನವರು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕತ್ತಲಲ್ಲೇ ಬೆರಳುಗಳು ತಂತಿಗಳನ್ನು ಹುಡುಕಿ ಪೆಟ್ಟಿಗೆಗೆ ಜೋಡಿಸಿದವು. ಹಳೆಯ ಹಿಡಿಯ ಮೇಲೆ ಕೈ ಕೂತಿತು. ಇಷ್ಟು ವರ್ಷದ ಮೇಲೂ ಕೈಗೆ ಗುರುತು ತಪ್ಪಿರಲಿಲ್ಲ.

ಮೊದಲು ಬೆಳಕು ಬಂತೋ ಇಲ್ಲವೋ ಎನ್ನುವಷ್ಟು ನೀಲಿ. ತೊಟ್ಟಿಯ ಅಂಚು ಮೂಡಿತು. ನೀರು ಮೂಡಿತು. ನೀಲಿಯ ಬೆನ್ನಿಗೇ ಬೂದು, ಅದರ ಬೆನ್ನಿಗೆ ನಸುಹಳದಿ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲು ದೇವರಿಗೂ ಆಗುತ್ತಿರಲಿಲ್ಲ. ಮೀನುಗಳು ಬೆಚ್ಚಲಿಲ್ಲ. ರೆಕ್ಕೆ ಬಿಡಿಸಿ, ಒಂದರ ಹಿಂದೊಂದು ನಿರಾಳವಾಗಿ ಸುತ್ತತೊಡಗಿದವು. ನೆಲದ ಮೇಲೆ, ಟೈಲರ್‌ನ ಅಂಗಿಯೊಳಗೆ ಉಳಿದಿದ್ದವುಗಳನ್ನು ಎಲ್ಲರೂ ಎತ್ತಿ ನೀರಿಗೆ ಬಿಟ್ಟರು. ಒಂದೂ ಸತ್ತಿರಲಿಲ್ಲ. ಟೈಲರ್ ಮಂಡಿಯೂರಿದಲ್ಲೇ ಆಕಳಿಸಿ ಮೈಮುರಿದ!

ಹೋಟೆಲಿನವರು ಎದ್ದು ನಿಂತರು. ಬಿಳಿ ಅಂಗಿ ಹಸಿರಾಗಿತ್ತು, ಅತ್ತರಿನ ವಾಸನೆ ಸೋತು ಶರಣಾಗಿತ್ತು. ಜೇಬಿನಿಂದ ಕಥಾನಾಯಕನನ್ನು ತೆಗೆದು ನೀರಿಗೆ ಬಿಟ್ಟು, ಕೆನ್ನೆ ಸವರಿಕೊಂಡರು. ಮೀನಮ್ಮ ಉಸಿರು ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು.

"ಅಮ್ಮಾ, ನನಗೆ ಬರೋ ಮೀನೆಲ್ಲ ಅರ್ಧ ಪ್ರಾಣ ಬಿಟ್ಟೇ ಬಂದಿರ್ತಾವೆ. ಕೆನ್ನೆಗೆ ಹೊಡೆದ ಮೀನು ಇದೇ ಮೊದಲು! ಇಂಥ ಗಟ್ಟಿ ಮೀನೇ ನನಗೆ ಬೇಕು. ತಗೋತೀನಿ. ಆದ್ರೆ..."

ಲೈಟಣ್ಣನವರು ಹುಟ್ಟಿದಾರಭ್ಯ ಮೊದಲ ಸಲ ‘ಆದ್ರೆ’ಯ ಮುಂದೆ ಏನಿದೆಯೆಂದು ಕೇಳಲು ಅಲುಗಾಡದೆ ನಿಂತರು.

"...ಆದ್ರೆ ರೆಕ್ಕೆ ಬಾಲ ಎಲ್ಲ ಹರಿದಿದೆ. ಅವು ಮತ್ತೆ ಬೆಳೀಲಿ, ಮುಂದಿನ ತಿಂಗಳಿಂದ ಶುರುಮಾಡೋಣ. ಅಲ್ಲೀತನಕ ದಿನಾ ಬೆಳಿಗ್ಗೆ ಇದೇ ಬೆಳಗು ತರಬೇಕು, ಸಂಜೆ ಇದೇ ಥರ ಇಳಿಸಬೇಕು. ಈ ಬೆಳಕು ಬಿಟ್ಟವರು ಬಹಳ ದೊಡ್ಡ ಕೆಲಸಗಾರರು. ಮೊದಲು ಬಿಟ್ಟವನು ಯಾರೋ ಗೊತ್ತಿಲ್ಲ, ಅವನನ್ನ ಮಾತ್ರ ಒಳಗೆ ಸೇರಿಸಬೇಡಿ."

"ಸೇರಿಸಲ್ಲ" ಎಂದರು ಲೈಟಣ್ಣನವರು, ಅತ್ಯಂತ ವಿನಯದಿಂದ.

ಹೋಟೆಲಿನವರು ಹೋದರು. ಟೈಲರ್ ಒಂದೇ ಚಪ್ಪಲಿಯಲ್ಲಿ ಹೋದ. ದೊಡ್ಡ ದೀಪಗಳೆಲ್ಲ ಟ್ರಂಕಿಗೆ ಮರಳಿದವು. ಸಂಜೆ ಲೈಟಣ್ಣನವರು ಅದೇ ಹಳೆಯ ಸಣ್ಣ ಬಲ್ಬನ್ನು ಡಿಮ್ಮರಿಗೆ ಸಿಕ್ಕಿಸಿಕೊಂಡು ಸೂರ್ಯಾಸ್ತ ಮಾಡುತ್ತ ಕೂತರು. ಮೀನಮ್ಮ ಬಲೆಗಳನ್ನು ಬಿಗಿಯುತ್ತಿದ್ದರು. ಹಣೆಯ ಮೇಲೆ ಇನ್ನೂ ಹಿಟ್ಟಿತ್ತು.

"ಬಲೆ ತೆಗೆದ್ರಿ. ನೀರು ಪಾಚಿ ಮಾಡಿದ್ರಿ. ಮೀನುಗಳ ಮಧ್ಯೆ ಜಗಳ ಹಚ್ಚಿದ್ರಿ. ಮನೆಗೆ ಬಂದವರ ಕೆನ್ನೆಗೆ ಹೊಡೆಸಿದ್ರಿ. ಇಷ್ಟೆಲ್ಲ ಮಾಡಿ ಕೊನೇಗೆ ನಿಮಗೆ ಸಿಕ್ಕಿದ್ದಾದ್ರೂ ಏನು, ಹೇಳಿ?"

ಲೈಟಣ್ಣನವರು ಹಿಡಿಯನ್ನು ಕೂದಲೆಳೆಯಷ್ಟು ಇಳಿಸಿದರು. ತೊಟ್ಟಿಯ ಮೇಲೆ ಮುಸ್ಸಂಜೆ ಇಳಿಯಿತು.

"ನೀನೇ ಕೇಳ್ತಿದ್ದೆಯಲ್ಲೇ, ನನ್ನ ಬೆಳಕು ನೋಡಿ ಒಬ್ಬರಾದ್ರೂ ಎದ್ದು ಚಪ್ಪಾಳೆ ತಟ್ಟಿದ್ದುಂಟಾ ಅಂತ. ಇವತ್ತು ಕಣ್ಣಾರೆ ನೋಡಿದೆಯಲ್ಲ? ಮೂರು ತೊಟ್ಟಿ ತುಂಬ ಪ್ರೇಕ್ಷಕರು ಕಣೇ! ಕೂತಲ್ಲಿ ಕೂರೋಕಾಗದೆ ಎದ್ದುಬಿಟ್ರು!"